ಗ್ರಾಫಿಕ್ಸ್ ಕಾರ್ಡ್ ಜಾಸ್ತಿ ಬಿಸಿಯಾಗುತ್ತಿದೆಯಾ? ಸ್ಕ್ರೂ ಬಿಚ್ಚುವ ಮೊದಲು ಇಷ್ಟು ಮಾಡಿ

ಮಾರ್ಚ್ ಬಂತೆಂದರೆ ಗೇಮ್ ಆಡುವ ಗೆಳೆಯರಿಂದ ಒಂದೇ ಪ್ರಶ್ನೆ ಬರುತ್ತದೆ: "ಕಾರ್ಡ್ 85 ಡಿಗ್ರಿ ದಾಟುತ್ತಿದೆ, ಥರ್ಮಲ್ ಪೇಸ್ಟ್ ಬದಲಿಸಲಾ?" ಈಗಲೇ ಬೇಡ ಅನ್ನುವುದು ನನ್ನ ಉತ್ತರ. ಚಿಪ್ಪಿನ ಬಿಸಿಯನ್ನು ಅದರ ಮೇಲಿನ ಲೋಹದ ಹೀಟ್‌ಸಿಂಕಿಗೆ ದಾಟಿಸುವ ಆ ಪೇಸ್ಟ್ ಒಣಗಿರಬಹುದು, ಇಲ್ಲ ಅನ್ನುತ್ತಿಲ್ಲ. ಆದರೆ ಹೆಚ್ಚಿನ ಸಲ ತೊಂದರೆ ಇರುವುದು ಚಿಪ್ಪಿನ ಮೇಲಿನ ಪೇಸ್ಟಿನಲ್ಲಲ್ಲ. ಯಾರೂ ನೋಡದ ಫ್ರೇಮುಗಳನ್ನು (ಪರದೆಯ ಚಿತ್ರಗಳನ್ನು) ತಯಾರಿಸುತ್ತಾ ಕಾರ್ಡ್ ಸುಮ್ನೆ ದುಡಿಯುತ್ತಿರುತ್ತದೆ. ಕ್ಯಾಬಿನೆಟ್ ಒಳಗೆ ತಣ್ಣನೆ ಗಾಳಿ ಬರಲು ದಾರಿ ಇರುವುದಿಲ್ಲ. ಇಲ್ಲವೇ ಹೀಟ್‌ಸಿಂಕಿನಲ್ಲಿ ಧೂಳು ಕೂತಿರುತ್ತದೆ. ಇವನ್ನೆಲ್ಲ ಬಿಟ್ಟು ನೇರವಾಗಿ ಕಾರ್ಡ್ ಬಿಚ್ಚಿದರೆ ವಾರಂಟಿಯೂ ಹೋಗಬಹುದು, ಬಿಸಿಯೂ ಹಾಗೇ ಉಳಿಯಬಹುದು. ಅದಕ್ಕೇ ಇಲ್ಲಿ ಕಾಸು ಖರ್ಚಿಲ್ಲದ ಕೆಲಸ ಮೊದಲು, ಸ್ಕ್ರೂ ಬಿಚ್ಚುವ ಕೆಲಸ ಕೊನೆಗೆ. ನಾನು ಹೇಳುತ್ತಿರುವುದು ಡೆಸ್ಕ್‌ಟಾಪ್ ಬಗ್ಗೆ. ಲ್ಯಾಪ್‌ಟಾಪಿನ ಕಥೆ ಬೇರೆ.

ಮೊದಲು ಅಳೆಯಿರಿ

ಕ್ಯಾಬಿನೆಟ್ ಮೇಲೆ ಕೈ ಇಟ್ಟು "ತುಂಬಾ ಬಿಸಿ" ಅಂದರೆ ಏನೂ ಗೊತ್ತಾಗುವುದಿಲ್ಲ. ಕಾರ್ಡಿನ ಟೆಂಪರೇಚರ್ ತೋರಿಸುವ ಜಿಪಿಯು-ಝಡ್ ಅಥವಾ ಎಚ್‌ಡಬ್ಲ್ಯೂಇನ್ಫೋ64 ಸಾಫ್ಟ್‌ವೇರ್ ಹಾಕಿಕೊಳ್ಳಿ. ನೀವು ದಿನಾ ಆಡುವ ಗೇಮನ್ನೇ 20 ನಿಮಿಷ ಆಡಿ. ಮೊದಲ ಐದು ನಿಮಿಷದ ಅಂಕಿ ನಂಬಬೇಡಿ, ಹೀಟ್‌ಸಿಂಕ್ ಪೂರ್ತಿ ಕಾಯಲು ಹೊತ್ತು ಬೇಕು. ಆಮೇಲೆ ಜಿಪಿಯು (ಕಾರ್ಡಿನ ಮುಖ್ಯ ಚಿಪ್ಪು) ಟೆಂಪರೇಚರ್, ಹಾಟ್‌ಸ್ಪಾಟ್ ಟೆಂಪರೇಚರ್, ಫ್ಯಾನ್ ವೇಗ, ಕಾರ್ಡ್ ಎಳೆಯುತ್ತಿರುವ ವ್ಯಾಟ್ ಇಷ್ಟನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.

ಜೊತೆಗೆ ಕೋಣೆಯ ಟೆಂಪರೇಚರ್ ಕೂಡ ಬರೆಯಿರಿ. ಇದನ್ನು ಬಹಳ ಜನ ಮರೆಯುತ್ತಾರೆ. ಫ್ಯಾನ್ ವೇಗ, ಕೆಲಸದ ಹೊರೆ ಎರಡೂ ಅಷ್ಟೇ ಇದ್ದರೆ, ಕೋಣೆ 10 ಡಿಗ್ರಿ ಏರಿದಾಗ ಕಾರ್ಡ್ ಕೂಡ ಹೆಚ್ಚುಕಡಿಮೆ 10 ಡಿಗ್ರಿ ಏರುತ್ತದೆ. ಜನವರಿಯ ಬೆಂಗಳೂರಿನಲ್ಲಿ 70 ತೋರಿಸಿದ ಕಾರ್ಡ್ ಏಪ್ರಿಲ್ಲಿನ ಕಲಬುರಗಿಯಲ್ಲಿ 82 ತೋರಿಸಿದರೆ ಅದು ಕೆಟ್ಟಿದೆ ಅಂತಲ್ಲ. ಊರು ಬಿಸಿಯಾಗಿದೆ, ಅಷ್ಟೇ.

ಎಷ್ಟಾದರೆ ಚಿಂತೆ ಮಾಡಬೇಕು? ಎನ್‌ವಿಡಿಯಾ ತನ್ನ ಆರ್‌ಟಿಎಕ್ಸ್ 30 ಸರಣಿಯ ಕಾರ್ಡುಗಳಿಗೆ 93 ಡಿಗ್ರಿ, 40 ಸರಣಿಗೆ 90 ಡಿಗ್ರಿ ಗರಿಷ್ಠ ಮಿತಿ ಕೊಟ್ಟಿದೆ. ಅದರ ಹತ್ತಿರ ಹೋದಂತೆ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಇದನ್ನೇ ಥ್ರಾಟ್ಲಿಂಗ್ ಅನ್ನುತ್ತಾರೆ. ಗೇಮ್ ಶುರುವಿನಲ್ಲಿ ಚೆನ್ನಾಗಿ ಓಡಿ ಅರ್ಧ ಗಂಟೆ ಆದಮೇಲೆ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮುಗಳ ಸಂಖ್ಯೆ) ಕುಸಿದರೆ ಇದರ ಮೇಲೇ ಅನುಮಾನ ಪಡಿ. ಜಿಪಿಯು-ಝಡ್‌ನಲ್ಲಿ ಪರ್ಫ್‌ಕ್ಯಾಪ್ ರೀಸನ್ ಎಂಬ ಸಾಲಿದೆ. ಅಲ್ಲಿ "ಥರ್ಮ್" ಅಂತ ಬಂದರೆ ಅನುಮಾನ ಖಾತ್ರಿ.

ಹಾಟ್‌ಸ್ಪಾಟ್ ಅಂದರೆ ಚಿಪ್ಪಿನಲ್ಲಿ ಅತಿ ಹೆಚ್ಚು ಬಿಸಿಯಾಗಿರುವ ಜಾಗ. ಎಎಂಡಿ ಕಾರ್ಡಿನಲ್ಲಿ ಇದಕ್ಕೆ ಜಂಕ್ಷನ್ ಟೆಂಪರೇಚರ್ ಅನ್ನುತ್ತಾರೆ. ಇದು 95, 100 ತೋರಿಸಿದ ತಕ್ಷಣ ಗಾಬರಿಯಾಗಬೇಡಿ. ಆರ್‌ಎಕ್ಸ್ 5700 ಬಂದ 2019ರಲ್ಲೇ, ಜಂಕ್ಷನ್ 110 ಡಿಗ್ರಿವರೆಗೆ ಹೋಗುವುದು ನಿರೀಕ್ಷಿತ ಎಂದು ಎಎಂಡಿ ಹೇಳಿತ್ತು. ನೋಡಬೇಕಾದದ್ದು ಸಾಮಾನ್ಯ ಟೆಂಪರೇಚರ್‌ಗೂ ಹಾಟ್‌ಸ್ಪಾಟ್‌ಗೂ ಇರುವ ಅಂತರ. 10ರಿಂದ 15 ಡಿಗ್ರಿ ಮಾಮೂಲು. ಕೆಲವು ಕಾರ್ಡುಗಳಲ್ಲಿ 20. ಅದು 30ರ ಹತ್ತಿರ ಬಂದಿದ್ದರೆ ಪೇಸ್ಟ್ ಬಗ್ಗೆ ಯೋಚಿಸುವುದರಲ್ಲಿ ಅರ್ಥವಿದೆ. ಆರ್‌ಟಿಎಕ್ಸ್ 50 ಸರಣಿಯಲ್ಲಿ ಹಾಟ್‌ಸ್ಪಾಟ್ ಅಂಕಿ ಕಾಣಿಸುವುದಿಲ್ಲ, ಹುಡುಕಿ ಸುಸ್ತಾಗಬೇಡಿ. ಆರ್‌ಟಿಎಕ್ಸ್ 3080, 3090 ಇರುವವರು ಮಾತ್ರ ಮೆಮೊರಿ ಟೆಂಪರೇಚರ್ ಕೂಡ ನೋಡಿ. ಅವುಗಳ ಜಿಡಿಡಿಆರ್6ಎಕ್ಸ್ ಮೆಮೊರಿ ಬಹಳ ಕಾಯುತ್ತದೆ, 110 ಡಿಗ್ರಿಗೆ ವೇಗ ಕಡಿಮೆ ಮಾಡಿಕೊಳ್ಳುತ್ತದೆ.

ನನ್ನ ಲೆಕ್ಕ ಸರಳ. ಬೇಸಿಗೆಯಲ್ಲಿ 80ರೊಳಗೆ ಇದ್ದು ಎಫ್‌ಪಿಎಸ್ ಸ್ಥಿರವಾಗಿದ್ದರೆ ಏನೂ ಮಾಡಬೇಡಿ, ಆಡಿ. 80ರಿಂದ 85 ಇದ್ದರೆ ಮುಂದಿನ ಎರಡು ಹಂತ ಸಾಕು. ಅದಕ್ಕಿಂತ ಜಾಸ್ತಿಯಿದ್ದರೆ ಪೂರ್ತಿ ಓದಿ.

ಬೇಡದ ಕೆಲಸ ನಿಲ್ಲಿಸಿ

ಕಾರ್ಡ್ ಎಳೆಯುವ ಒಂದೊಂದು ವ್ಯಾಟೂ ಕೊನೆಗೆ ಬಿಸಿಯೇ ಆಗುತ್ತದೆ. ಆರ್‌ಟಿಎಕ್ಸ್ 4060 ಆದರೆ 115 ವ್ಯಾಟ್. 3060 ಆದರೆ 170. 3080 ಆದರೆ 320. ಆ 320 ವ್ಯಾಟ್ ಬಿಸಿಯನ್ನು ಎಷ್ಟೇ ಫ್ಯಾನ್ ಹಾಕಿ ಊದಿದರೂ ಅದು ನಿಮ್ಮ ಕೋಣೆಗೇ ಬರುತ್ತದೆ. ಕಿಟಕಿ ಮುಚ್ಚಿದ ಸಣ್ಣ ರೂಮಿನಲ್ಲಿ ಎರಡು ಗಂಟೆ ಆಡಿದವರಿಗೆ ಇದು ಗೊತ್ತು. ಹಾಗಾಗಿ ಬಿಸಿಯನ್ನು ಹೊರಗೆ ಹಾಕುವುದಕ್ಕಿಂತ ಹುಟ್ಟದ ಹಾಗೆ ನೋಡಿಕೊಳ್ಳುವುದು ಮೇಲು.

ಮೊದಲ ಕೆಲಸ ಎಫ್‌ಪಿಎಸ್‌ಗೆ ಮಿತಿ. ಮಾನಿಟರ್ 60 ಹರ್ಟ್ಸ್ (ಸೆಕೆಂಡಿಗೆ 60 ಚಿತ್ರ ತೋರಿಸುವಂಥದ್ದು) ಆಗಿದ್ದು ಗೇಮ್ 200 ಎಫ್‌ಪಿಎಸ್‌ನಲ್ಲಿ ಓಡುತ್ತಿದ್ದರೆ, ಉಳಿದ 140 ಫ್ರೇಮುಗಳು ಪೂರ್ತಿಯಾಗಿ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆಯಿರಿ, ಮ್ಯಾನೇಜ್ 3ಡಿ ಸೆಟ್ಟಿಂಗ್ಸ್‌ಗೆ ಹೋಗಿ, ಮ್ಯಾಕ್ಸ್ ಫ್ರೇಮ್ ರೇಟ್ ಎಂಬಲ್ಲಿ ನಿಮ್ಮ ಮಾನಿಟರಿನ ಅಂಕಿ ಹಾಕಿ. ಎಎಂಡಿ ಕಾರ್ಡಿನವರಿಗೆ ಅಡ್ರಿನಲಿನ್ ಸಾಫ್ಟ್‌ವೇರಿನಲ್ಲಿ ರೇಡಿಯಾನ್ ಚಿಲ್ ಇದೆ. ಸ್ಪರ್ಧೆಗೆ ಆಡುವವರು ಎಫ್‌ಪಿಎಸ್ ಜಾಸ್ತಿ ಇದ್ದಷ್ಟೂ ಮೌಸಿಗೆ ಬೇಗ ಪ್ರತಿಕ್ರಿಯೆ ಬರುತ್ತದೆ ಅನ್ನುತ್ತಾರೆ. ಅದು ನಿಜ. ಅಂಥವರು ಮ್ಯಾಚಿನಲ್ಲಿ ಮಿತಿ ತೆಗೆದು, ಮೆನು ಮತ್ತು ಲಾಬಿಗೆ (ಮ್ಯಾಚಿಗೆ ಕಾಯುವ ಪರದೆಗೆ) ಮಾತ್ರ ಮಿತಿ ಹಾಕಿಕೊಳ್ಳಿ. ವ್ಯಾಲರಂಟ್ ಗೇಮಿನಲ್ಲಿ ಇದಕ್ಕೆ ಬೇರೆಯದೇ ಆಯ್ಕೆ ಇದೆ.

ಮೆನುವಿನಲ್ಲಿ ಏನು ಮಹಾ ಅಂದುಕೊಳ್ಳಬೇಡಿ. ಮೆನು ಬಿಡಿಸುವುದು ಸುಲಭ, ಅದಕ್ಕೇ ಕಾರ್ಡ್ ಸೆಕೆಂಡಿಗೆ ನೂರಾರು ಫ್ರೇಮ್ ತಯಾರಿಸುತ್ತಾ ಪೂರ್ತಿ ಶಕ್ತಿಯಲ್ಲಿ ಓಡತೊಡಗುತ್ತದೆ. 2010ರಲ್ಲಿ ಸ್ಟಾರ್‌ಕ್ರಾಫ್ಟ್ 2 ಗೇಮ್ ಬಂದಾಗ ಮೆನುವಿಗೆ ಮಿತಿಯೇ ಇರಲಿಲ್ಲ. ಕಾರ್ಡುಗಳು ಕಾಯುತ್ತಿವೆ ಎಂಬ ದೂರು ಬಂತು. ಸೆಟ್ಟಿಂಗ್ಸ್ ಫೈಲಿಗೆ ಎರಡು ಸಾಲು ಸೇರಿಸಿ ಮಿತಿ ಹಾಕಿಕೊಳ್ಳಿ ಎಂದು ಗೇಮ್ ತಯಾರಿಸಿದ ಬ್ಲಿಝಾರ್ಡ್ ಕಂಪನಿ ಹೇಳಬೇಕಾಯಿತು. 2021ರ ಜುಲೈನಲ್ಲಿ ನ್ಯೂ ವರ್ಲ್ಡ್ ಗೇಮಿನ ಬೀಟಾ (ಪರೀಕ್ಷಾ ಆವೃತ್ತಿ) ಆಡುವಾಗ ಕೆಲವು ಆರ್‌ಟಿಎಕ್ಸ್ 3090 ಕಾರ್ಡುಗಳು ಸತ್ತೇ ಹೋದವು. ಆ ಕಾರ್ಡುಗಳ ಬೆಸುಗೆಯಲ್ಲಿ ದೋಷವಿತ್ತು ಎಂದು ತಯಾರಕರು ಆಮೇಲೆ ತಿಳಿಸಿದರು. ಆದರೂ ಗೇಮಿನವರು ಮೆನುವಿಗೆ ಎಫ್‌ಪಿಎಸ್ ಮಿತಿ ತಂದರು.

ಎರಡನೆಯದು ಅಂಡರ್‌ವೋಲ್ಟ್, ಅಂದರೆ ಚಿಪ್ಪಿಗೆ ಕೊಡುವ ವೋಲ್ಟೇಜ್ ಇಳಿಸುವುದು. ನನ್ನನ್ನು ಕೇಳಿದರೆ ಈ ಲೇಖನದಲ್ಲಿ ಎಲ್ಲಕ್ಕಿಂತ ಹೆಚ್ಚು ಲಾಭ ಕೊಡುವುದು ಇದೇ. ಕಾರ್ಖಾನೆಯಿಂದ ಬರುವ ಎಲ್ಲ ಚಿಪ್ಪುಗಳೂ ಒಂದೇ ಗುಣಮಟ್ಟದವಲ್ಲ. ದುರ್ಬಲ ಚಿಪ್ಪೂ ಓಡಲಿ ಎಂದು ಎಲ್ಲಕ್ಕೂ ಸ್ವಲ್ಪ ಹೆಚ್ಚೇ ವೋಲ್ಟೇಜ್ ಇಟ್ಟಿರುತ್ತಾರೆ. ಚಿಪ್ಪು ಎಳೆಯುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಏರುತ್ತದೆ. ಅದೇ ವೇಗದಲ್ಲಿ 1.05 ವೋಲ್ಟಿನಿಂದ 0.9 ವೋಲ್ಟಿಗೆ ಇಳಿಸಿದರೆ ಲೆಕ್ಕದ ಪ್ರಕಾರ ಚಿಪ್ಪಿನ ಖರ್ಚು ಕಾಲು ಭಾಗ ಕಡಿಮೆ. ಎಫ್‌ಪಿಎಸ್ ಮಾತ್ರ ಅಲ್ಲಿಂದಲ್ಲಿಗೆ ಉಳಿಯುತ್ತದೆ.

ಆರ್‌ಟಿಎಕ್ಸ್ 30 ಸರಣಿಯ ಕಾರ್ಡ್ ಇಟ್ಟುಕೊಂಡು ಹೇಳುತ್ತೇನೆ. ಕಾರ್ಡಿನ ಸೆಟ್ಟಿಂಗ್ ಬದಲಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಸಾಫ್ಟ್‌ವೇರ್ ಹಾಕಿಕೊಳ್ಳಿ, ಯಾವ ಕಂಪನಿಯ ಕಾರ್ಡ್ ಆದರೂ ನಡೆಯುತ್ತದೆ. ಗೇಮ್ ಆಡುವಾಗ ಕೋರ್ ಕ್ಲಾಕ್ (ಚಿಪ್ಪಿನ ವೇಗ) ಎಷ್ಟಿದೆ ನೋಡಿ. 1850 ಮೆಗಾಹರ್ಟ್ಸ್ ಇದೆ ಅಂದುಕೊಳ್ಳಿ. ಕೋರ್ ಕ್ಲಾಕ್ ಸ್ಲೈಡರನ್ನು ಮೈನಸ್ 250ರಷ್ಟು ಇಳಿಸಿ ಅಪ್ಲೈ ಒತ್ತಿ. ಈಗ ಕಂಟ್ರೋಲ್ ಮತ್ತು ಎಫ್ ಕೀ ಒಟ್ಟಿಗೆ ಒತ್ತಿ. ಒಂದು ಗ್ರಾಫ್ ತೆರೆಯುತ್ತದೆ. ಕೆಳಗೆ ಮಿಲಿವೋಲ್ಟ್, ಎಡಕ್ಕೆ ಮೆಗಾಹರ್ಟ್ಸ್. 900 ಮಿಲಿವೋಲ್ಟಿನ ಮೇಲಿರುವ ಚುಕ್ಕಿಯನ್ನು ಹಿಡಿದು 1800ರವರೆಗೆ ಮೇಲಕ್ಕೆಳೆಯಿರಿ. ಮತ್ತೆ ಅಪ್ಲೈ. ಆ ಚುಕ್ಕಿಯ ಬಲಕ್ಕೆ ಗೆರೆ ಚಪ್ಪಟೆಯಾದರೆ ಸರಿಯಾಗಿದೆ ಅಂತ ಅರ್ಥ. ಇನ್ನು ಕಾರ್ಡ್ 900 ಮಿಲಿವೋಲ್ಟಿನಿಂದ ಮೇಲೆ ಹೋಗುವುದಿಲ್ಲ.

ಒಂದೆರಡು ದಿನ ನಿಮ್ಮ ಅತಿ ಭಾರದ ಗೇಮ್ ಆಡಿ ನೋಡಿ. ಗೇಮ್ ಕ್ರ್ಯಾಶ್ ಆದರೆ ಹೆದರಬೇಡಿ, ಕಾರ್ಡಿಗೆ ಏನೂ ಆಗಿರುವುದಿಲ್ಲ. ಕ್ಲಾಕನ್ನು 30 ಮೆಗಾಹರ್ಟ್ಸ್ ಇಳಿಸಿ ಇಲ್ಲವೇ 925 ಮಿಲಿವೋಲ್ಟಿನ ಚುಕ್ಕಿಗೆ ಹೋಗಿ. ಸ್ಥಿರವಾಗಿದೆ ಅಂತ ಖಾತ್ರಿಯಾಗುವ ತನಕ "ವಿಂಡೋಸ್ ಶುರುವಾದಾಗಲೇ ಹಾಕು" ಎಂಬ ಆಯ್ಕೆ ಒತ್ತಬೇಡಿ. ಎಎಂಡಿಯ ಆರ್‌ಎಕ್ಸ್ 6000 ಕಾರ್ಡುಗಳಿಗೆ ಅಡ್ರಿನಲಿನ್‌ನ ಟ್ಯೂನಿಂಗ್ ಪುಟದಲ್ಲಿ ಅಂಡರ್‌ವೋಲ್ಟ್ ಜಿಪಿಯು ಎಂಬ ಒಂದೇ ಬಟನ್ ಇದೆ.

ಇಷ್ಟೆಲ್ಲ ಬೇಡ ಅನ್ನುವವರು ಆಫ್ಟರ್‌ಬರ್ನರಿನಲ್ಲಿ ಪವರ್ ಲಿಮಿಟನ್ನು ಶೇ. 80ಕ್ಕೆ ಇಳಿಸಿ ಸುಮ್ಮನಾಗಬಹುದು. ಎಫ್‌ಪಿಎಸ್ ಸ್ವಲ್ಪ ಇಳಿಯುತ್ತದೆ, ಆದರೆ ಶೇ. 20ರಷ್ಟು ವಿದ್ಯುತ್ ತೆಗೆದರೆ ಶೇ. 20ರಷ್ಟು ಎಫ್‌ಪಿಎಸ್ ಹೋಗುವುದಿಲ್ಲ.

ಗಾಳಿಗೆ ದಾರಿ ಇದೆಯಾ ನೋಡಿ

ಇಲ್ಲೊಂದು ಪರೀಕ್ಷೆ ಇದೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟು ಅದೇ ಗೇಮ್ ಅಷ್ಟೇ ಹೊತ್ತು ಆಡಿ. ಕಾರ್ಡ್ ಐದಾರು ಡಿಗ್ರಿ ಇಳಿಯಿತಾ? ಹಾಗಾದರೆ ಕಾರ್ಡ್ ಸರಿಯಿದೆ, ಕ್ಯಾಬಿನೆಟ್ಟಿಗೆ ಉಸಿರು ಕಟ್ಟುತ್ತಿದೆ. ಏನೂ ಇಳಿಯಲಿಲ್ಲ ಅಂದರೆ ಮುಂದಿನ ಹಂತಕ್ಕೆ ಹೋಗಿ. ಬಾಗಿಲು ತೆಗೆದೇ ಬಿಡುವುದು ಪರಿಹಾರವಲ್ಲ, ಧೂಳೆಲ್ಲ ನೇರ ಒಳಗೆ ಬರುತ್ತದೆ.

ಮೊದಲು ಕ್ಯಾಬಿನೆಟ್ ಇಟ್ಟ ಜಾಗ ನೋಡಿ. ನಮ್ಮ ಮನೆಗಳ ಕಂಪ್ಯೂಟರ್ ಟೇಬಲ್ಲಿನಲ್ಲಿ ಕೆಳಗೆ ಒಂದು ಮರದ ಗೂಡು ಇರುತ್ತದೆ ಅಲ್ವಾ? ಹಿಂದೆ ಗೋಡೆ, ಮೂರು ಕಡೆ ಪ್ಲೈವುಡ್. ಹಳೆಯ ಆಫೀಸ್ ಪಿಸಿಗೆ ಅದು ಸಾಕಿತ್ತು. ಗೇಮಿಂಗ್ ಪಿಸಿಗೆ ಅದು ಒಲೆ. ಹಿಂದಿನಿಂದ ಹೋದ ಬಿಸಿ ಗಾಳಿ ಗೂಡಿನಲ್ಲೇ ಸುತ್ತಿ ಮುಂದಿನಿಂದ ಮತ್ತೆ ಒಳಗೆ ಬರುತ್ತದೆ. ಕ್ಯಾಬಿನೆಟ್ಟನ್ನು ಹೊರಗೆ ತೆಗೆದು ಟೇಬಲ್ ಮೇಲೆ ಅಥವಾ ಗಟ್ಟಿ ಸ್ಟೂಲಿನ ಮೇಲೆ ಇಡಿ. ಹಿಂದೆ ಅರ್ಧ ಅಡಿ ಜಾಗ ಬಿಡಿ. ಬಟ್ಟೆಯ ಕವರ್ ಹಾಕುವ ಅಭ್ಯಾಸವಿದ್ದರೆ ಆಫ್ ಮಾಡಿ ತಣ್ಣಗಾದ ಮೇಲೆ ಮಾತ್ರ ಹಾಕಿ.

ಆಮೇಲೆ ಫ್ಯಾನಿನ ದಿಕ್ಕು. ಮುಂದೆ ಎರಡು ಫ್ಯಾನ್ ಗಾಳಿ ಒಳಗೆ ಎಳೆಯಬೇಕು, ಹಿಂದೆ ಒಂದು ಹೊರಗೆ ತಳ್ಳಬೇಕು. ಒಂದೇ ಕಾರ್ಡ್ ಇರುವ ಹೆಚ್ಚಿನ ಪಿಸಿಗಳಿಗೆ ಇಷ್ಟು ಸಾಕು. ಫ್ಯಾನಿನ ಯಾವ ಬದಿಯಲ್ಲಿ ಪ್ಲಾಸ್ಟಿಕ್ಕಿನ ಅಡ್ಡ ಕಡ್ಡಿಗಳಿವೆಯೋ ಆ ಬದಿಯಿಂದ ಗಾಳಿ ಹೊರಬರುತ್ತದೆ. ಅನುಮಾನವಿದ್ದರೆ ಒಂದು ಊದುಬತ್ತಿ ಹಚ್ಚಿ. ಗೇಮ್ ಓಡುತ್ತಿರುವಾಗ, ಎಲ್ಲ ಬಾಗಿಲು ಮುಚ್ಚಿ, ಮುಂಭಾಗದಿಂದ ಗೇಣುದ್ದ ದೂರದಲ್ಲಿ ಹಿಡಿಯಿರಿ. ಹೊಗೆಯ ಎಳೆ ಬಾಗಿ ಜಾಲರಿಯ ಕಡೆ ಹೋಗಬೇಕು. ನೇರ ಮೇಲಕ್ಕೇ ಹೋದರೆ ಮುಂದಿನ ಫ್ಯಾನ್ ಎಳೆಯುತ್ತಿಲ್ಲ. ಈಗ ಹಿಂದೆ ಹಿಡಿಯಿರಿ, ಹೊಗೆ ದೂರ ಚದುರಬೇಕು. ಅಲ್ಲಿ ಹೊಗೆ ಒಳಗೆ ಹೋದರೆ ಯಾರೋ ಫ್ಯಾನನ್ನು ಉಲ್ಟಾ ಕೂರಿಸಿದ್ದಾರೆ. ಅರ್ಧ ನಿಮಿಷ ಸಾಕು. ಬೂದಿ ಬೀಳದಂತೆ ನೋಡಿಕೊಳ್ಳಿ.

ಮುಂಭಾಗ ಪೂರ್ತಿ ಗಾಜು ಇರುವ ಕ್ಯಾಬಿನೆಟ್ಟುಗಳು ನೋಡಲು ಚಂದ. ಆದರೆ ಗಾಜಿನ ಪಕ್ಕದ ಸಣ್ಣ ಸಂದಿನಿಂದಷ್ಟೇ ಗಾಳಿ ಬರಬೇಕು. ಹೊಸದಾಗಿ ಕೊಳ್ಳುವವರು ಜಾಲರಿಯ ಮುಂಭಾಗ ಇರುವುದನ್ನೇ ಕೊಳ್ಳಿ, ದೀಪ ಎರಡು ಕಮ್ಮಿ ಇದ್ದರೂ ಪರವಾಗಿಲ್ಲ. ಕಾರ್ಡನ್ನು ನೆಟ್ಟಗೆ ನಿಲ್ಲಿಸಿ ಗಾಜಿಗೆ ಮುಖ ಮಾಡಿಸುವವರೂ ಇದ್ದಾರೆ. ಕಾರ್ಡಿನ ಫ್ಯಾನಿಗೂ ಗಾಜಿಗೂ ಎರಡು ಬೆರಳಷ್ಟೂ ಜಾಗವಿಲ್ಲದಿದ್ದರೆ ಅದನ್ನು ಮಾಮೂಲಿನಂತೆ ಅಡ್ಡಲಾಗಿ ಹಾಕಿಬಿಡಿ.

ಕಾರ್ಡಿನದೇ ಫ್ಯಾನುಗಳ ಬಗ್ಗೆ ಎರಡು ಮಾತು. ಈಗಿನ ಬಹಳಷ್ಟು ಕಾರ್ಡುಗಳಲ್ಲಿ 50ರಿಂದ 60 ಡಿಗ್ರಿ ಆಗುವ ತನಕ ಫ್ಯಾನ್ ತಿರುಗುವುದೇ ಇಲ್ಲ. ಅದು ಕೆಟ್ಟಿದೆ ಅಂತಲ್ಲ. ಬೇಸಿಗೆಗೆ ಆಫ್ಟರ್‌ಬರ್ನರಿನಲ್ಲಿ ನಿಮ್ಮದೇ ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಎಷ್ಟು ವೇಗ ಎಂಬ ಲೆಕ್ಕ) ಹಾಕಿಕೊಳ್ಳಿ: 50 ಡಿಗ್ರಿಗೆ ಶೇ. 40, 70ಕ್ಕೆ ಶೇ. 65, 80ಕ್ಕೆ ಶೇ. 85. ಸದ್ದು ಜಾಸ್ತಿಯಾಗುತ್ತದೆ, ಹೆಡ್‌ಫೋನ್ ಹಾಕಿಕೊಂಡವರಿಗೆ ತೊಂದರೆಯಿಲ್ಲ. ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಅಪ್‌ಡೇಟ್ ಆದ ದಿನ ಒಮ್ಮೆ ಫ್ಯಾನ್ ವೇಗ ನೋಡುವ ಅಭ್ಯಾಸವಿರಲಿ. 2010ರ ಮಾರ್ಚಿನಲ್ಲಿ ಎನ್‌ವಿಡಿಯಾದ 196.75 ಡ್ರೈವರ್ ಫ್ಯಾನ್ ನಿಯಂತ್ರಣ ತಪ್ಪಿಸಿ ಕಾರ್ಡುಗಳನ್ನು ಕಾಯಿಸಿತ್ತು. ಕಂಪನಿ ಅದನ್ನು ವಾಪಸ್ ಪಡೆಯಬೇಕಾಯಿತು.

ಧೂಳು ತೆಗೆಯಿರಿ

ಪಿಸಿ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟನ್ನು ಬಾಲ್ಕನಿಗೆ ಒಯ್ಯಿರಿ. ಕಾರ್ಡಿನ ಫ್ಯಾನ್ ರೆಕ್ಕೆಗಳ ಸಂದಿಯಲ್ಲಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಅಲ್ಯೂಮಿನಿಯಂ ಪಟ್ಟಿಗಳ ಅಂಚು ಹೊಳೆಯಬೇಕು. ಅದರ ಬದಲು ಬೂದು ಬಣ್ಣದ ಒಂದು ಪದರ ಕಂಡರೆ ಹೀಟ್‌ಸಿಂಕಿಗೆ ಕಂಬಳಿ ಹೊದಿಸಿದ ಹಾಗೆ. ರೆಕ್ಕೆ ಒರೆಸಿದರೆ ಇದು ಹೋಗುವುದಿಲ್ಲ, ಗಾಳಿ ಊದಿಯೇ ತೆಗೆಯಬೇಕು.

ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬ್ಲೋವರಿನ ಗಾಳಿಗೆ ಅದು ಲೆಕ್ಕ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಕೈ ಬ್ಲೋವರನ್ನು ಒಂದಡಿ ದೂರದಿಂದ ಹಿಡಿಯಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬೇಡ, ಅದರ ಟ್ಯಾಂಕಿನಲ್ಲಿ ನೀರು ಸೇರಿರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಮೂತಿ ಕಾರ್ಡಿಗೆ ತಾಗಿಸಬೇಡಿ, ಸ್ಟ್ಯಾಟಿಕ್ ವಿದ್ಯುತ್ ಹುಟ್ಟುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ. ಅಡುಗೆಮನೆ ಪಕ್ಕದ ರೂಮಾದರೆ ಒಗ್ಗರಣೆಯ ಎಣ್ಣೆ ಹೊಗೆಗೆ ಧೂಳು ಅಂಟಾಗಿರುತ್ತದೆ. ಅದಕ್ಕೆ ಮೆತ್ತನೆಯ ಹೊಸ ಪೇಂಟ್ ಬ್ರಷ್ಷಿನಿಂದ ಸಡಿಲಿಸಿ ಆಮೇಲೆ ಊದಿ.

ಕಾರ್ಡನ್ನು ಹೊರಗೆ ತೆಗೆಯುವುದಾದರೆ ಮೊದಲು ಪವರ್ ಕೇಬಲ್, ಆಮೇಲೆ ಹಿಂದಿನ ಸ್ಕ್ರೂಗಳು, ಕೊನೆಗೆ ಸ್ಲಾಟಿನ ತುದಿಯ ಸಣ್ಣ ಕ್ಲಿಪ್. ಈ ಕ್ಲಿಪ್ ಒತ್ತದೆ ಎಳೆದರೆ ಅದು ಮುರಿಯುತ್ತದೆ. ಬೆರಳು ಹೋಗದಿದ್ದರೆ ಮರದ ಸ್ಕೇಲಿನಿಂದ ಒತ್ತಿ. ವಾಪಸ್ ಹಾಕುವಾಗ ಪವರ್ ಕೇಬಲ್ ಪೂರ್ತಿ ಒಳಗೆ ಕೂತಿದೆಯಾ ಎಂದು ಕಣ್ಣಿಟ್ಟು ನೋಡಿ. ಆರ್‌ಟಿಎಕ್ಸ್ 4090ರ ಹೊಸ 16 ಪಿನ್ ಕನೆಕ್ಟರ್ 2022ರಲ್ಲಿ ಕೆಲವರ ಮನೆಯಲ್ಲಿ ಕರಗಿತ್ತು. ಪೂರ್ತಿ ಒಳಗೆ ಹೋಗದೆ ಇದ್ದದ್ದು ಅದಕ್ಕೆ ಒಂದು ದೊಡ್ಡ ಕಾರಣ. ಆ ಕೇಬಲನ್ನು ಕನೆಕ್ಟರಿನ ಬುಡದಲ್ಲೇ ಬಗ್ಗಿಸಬೇಡಿ.

ಬೆಂಗಳೂರಿನಲ್ಲಿ ಕಟ್ಟಡ ಕೆಲಸ ನಡೆಯುವ ರಸ್ತೆಯ ಪಕ್ಕ ಇದ್ದರೆ ಡಸ್ಟ್ ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಕರಾವಳಿಯವರಿಗೆ ಧೂಳಿಗಿಂತ ತೇವದ ಚಿಂತೆ ಜಾಸ್ತಿ. ಮಳೆಗಾಲದಲ್ಲಿ ಪಿಸಿಯನ್ನು ವಾರಗಟ್ಟಲೆ ಮುಚ್ಚಿಡಬೇಡಿ, ಆಗಾಗ ಒಂದು ಗಂಟೆ ಓಡಿಸಿ.

ಕೊನೆಗೆ ಪೇಸ್ಟ್

ಮೇಲಿನದ್ದೆಲ್ಲ ಮಾಡಿಯೂ ಹಾಟ್‌ಸ್ಪಾಟ್ ಅಂತರ 30ರ ಹತ್ತಿರವೇ ಇದೆ, ಫ್ಯಾನ್ ಪೂರ್ತಿ ವೇಗದಲ್ಲಿದ್ದರೂ ಇಳಿಯುತ್ತಿಲ್ಲ ಅಂದರೆ ಈಗ ಪೇಸ್ಟ್ ಸರದಿ. ವಾರಂಟಿ ಇನ್ನೂ ಇದ್ದರೆ ನೀವು ಮುಟ್ಟಬೇಡಿ. ಬಿಲ್ ತೆಗೆದುಕೊಂಡು ಸರ್ವೀಸ್ ಸೆಂಟರಿಗೆ ಹೋಗಿ, ಬರೆದಿಟ್ಟ ಅಂಕಿಗಳನ್ನು ತೋರಿಸಿ. ಸ್ಕ್ರೂ ಮೇಲೆ ಸ್ಟಿಕ್ಕರ್ ಇದ್ದರೆ ಕೀಳುವ ಮೊದಲು ಕಂಪನಿಯ ವಾರಂಟಿ ನಿಯಮ ಓದಿ.

ವಾರಂಟಿ ಮುಗಿದಿದ್ದರೆ ನೀವೇ ಮಾಡಬಹುದು. ಬೆಂಗಳೂರಿನವರಿಗೆ ಎಸ್‌ಪಿ ರೋಡಿನಲ್ಲಿ ಬೇಕಾದ್ದೆಲ್ಲ ಸಿಗುತ್ತದೆ. ಆರ್ಕ್ಟಿಕ್ ಎಂಎಕ್ಸ್-4ರಂಥ ಸಾಮಾನ್ಯ ಪೇಸ್ಟ್ ಸಾಕು. ಮತ್ತೆ ಮತ್ತೆ ಬಿಚ್ಚುವುದು ಬೇಡ ಅನ್ನುವವರು ಪೇಸ್ಟಿನ ಬದಲು ಹಾಕುವ ಪಿಟಿಎಂ7950 ಹಾಳೆ ಹುಡುಕಿ. ಅದು ಬಿಸಿಗೆ ಮೆತ್ತಗಾಗಿ ಹರಡಿಕೊಳ್ಳುತ್ತದೆ, ಪೇಸ್ಟಿನಂತೆ ಬೇಗ ಅಂಚಿಗೆ ಸರಿದುಹೋಗುವುದಿಲ್ಲ. ಲಿಕ್ವಿಡ್ ಮೆಟಲ್ ತಂಟೆಗೆ ಹೋಗಬೇಡಿ. ಅದರಲ್ಲಿ ವಿದ್ಯುತ್ ಹರಿಯುತ್ತದೆ, ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.

ಬಿಚ್ಚುವಾಗ ಹಂತ ಹಂತಕ್ಕೂ ಫೋಟೋ ತೆಗೆದುಕೊಳ್ಳಿ. ಕೂಲರನ್ನು ಒಮ್ಮೆಲೇ ಎತ್ತಬೇಡಿ, ಕೆಳಗೆ ಫ್ಯಾನಿನ ಮತ್ತು ಲೈಟಿನ ಸಣ್ಣ ವೈರುಗಳಿರುತ್ತವೆ. ಹಳೆಯ ಪೇಸ್ಟನ್ನು 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಮೆಮೊರಿ ಚಿಪ್ಪುಗಳ ಮೇಲಿರುವ ಥರ್ಮಲ್ ಪ್ಯಾಡ್ ಹರಿಯದೆ ಇದ್ದರೆ ಮುಟ್ಟಬೇಡಿ. ಬದಲಿಸಲೇಬೇಕು ಅಂದರೆ ದಪ್ಪ ಅಷ್ಟೇ ಇರಬೇಕು. 1 ಮಿಲಿಮೀಟರ್ ಇದ್ದಲ್ಲಿ 1.5 ಹಾಕಿದರೆ ಕೂಲರ್ ಎತ್ತರದಲ್ಲೇ ನಿಂತು ಮುಖ್ಯ ಚಿಪ್ಪಿಗೆ ತಾಗುವುದೇ ಇಲ್ಲ. ಆಗ ಬಿಸಿ ಮೊದಲಿಗಿಂತ ಜಾಸ್ತಿ. ಜಿಪಿಯು ಚಿಪ್ಪಿನ ಮೇಲೆ ಸಿಪಿಯುಗೆ ಇರುವಂಥ ಲೋಹದ ಮುಚ್ಚಳ ಇರುವುದಿಲ್ಲ. ಹಾಗಾಗಿ ಕಾಳಿನಷ್ಟು ಪೇಸ್ಟ್ ಇಟ್ಟು ಬಿಡದೆ, ಚಿಪ್ಪಿನ ಮೂಲೆ ಮೂಲೆಗೂ ತೆಳ್ಳಗೆ ಹರಡಿ. ಸುತ್ತಲಿನ ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರಿಗೂ ಇದೇ ಅಂಕಿಗಳು ಬೇಕು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಕ್ರಿಪ್ಟೋ ಹಣದ ಮೈನಿಂಗ್ (ಕಾರ್ಡುಗಳಿಂದ ಲೆಕ್ಕ ಮಾಡಿಸಿ ಆ ಹಣ ಗಳಿಸುವುದು) ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು, ಇನ್ನೂ ಕೈ ಬದಲಾಗುತ್ತಿವೆ. ಮಾರುವವರ ಮುಂದೆಯೇ ಕಾರ್ಡನ್ನು ಪರೀಕ್ಷಿಸುವ ಸೂಪರ್‌ಪೊಸಿಷನ್ ಬೆಂಚ್‌ಮಾರ್ಕನ್ನು 15 ನಿಮಿಷ ಓಡಿಸಿ. ಎಲ್ಲ ಫ್ಯಾನುಗಳೂ ಸದ್ದಿಲ್ಲದೆ ತಿರುಗುತ್ತಿವೆಯಾ, ಪರದೆಯಲ್ಲಿ ಬಣ್ಣಬಣ್ಣದ ಚೌಕಗಳು ಮೂಡುತ್ತಿವೆಯಾ, ಹಾಟ್‌ಸ್ಪಾಟ್ ಅಂತರ ಎಷ್ಟಿದೆ ನೋಡಿ. ಚೌಕಗಳು ಕಂಡರೆ ಎದ್ದು ಬನ್ನಿ. ಅಂತರ ಮಾತ್ರ ಜಾಸ್ತಿಯಿದ್ದರೆ ಪೇಸ್ಟಿನ ಖರ್ಚು ಕಳೆದು ಬೆಲೆ ಮಾತಾಡಿ.